ಮಾರುವ ಮೊದಲು ಬಳಿಯುವ ಬಣ್ಣ: ನಮ್ಮ ಕಡೆಯ ಹಳೇ ಮನೆಗಳ ಚರಿತ್ರೆ

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೇ ಕ್ರಯಪತ್ರ ಇದ್ದರೆ ಒಮ್ಮೆ ತೆಗೆದು ಓದಿ. ಚೆಕ್ಕುಬಂದಿಯ ಆಸುಪಾಸಿನಲ್ಲಿ ಎಂಟು ಪದಗಳು ಸಾಲಾಗಿ ಬಂದಿರುತ್ತವೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವಕ್ಕೆ ಅಷ್ಟಭೋಗ ಎಂದು ಹೆಸರು. ಮನೆಯಲ್ಲಿ ತೆಲುಗು ಮಾತಾಡುವವರ ಪತ್ರದಲ್ಲೂ ಇದೇ ಸಾಲು, ಉರ್ದು ಮಾತಾಡುವವರ ಪತ್ರದಲ್ಲೂ ಇದೇ ಸಾಲು. ಪತ್ರ ಬರೆಯುವವರು ಬರೆಯುತ್ತಾರೆ, ನಾವು ಸಹಿ ಹಾಕಿ ಬರುತ್ತೇವೆ. ಅರ್ಥ ಕೇಳುವವರು ಕಡಿಮೆ.

ಅರ್ಥ ಇಷ್ಟೇ. ನೆಲದಲ್ಲಿ ಹೂತಿದ್ದು, ಅಲ್ಲಿರುವ ನೀರು, ಅಲ್ಲಿರುವ ಕಲ್ಲು, ಈಗ ಬರುತ್ತಿರುವ ಫಲ, ಮುಂದೆ ಬರಬಹುದಾದ ಫಲ, ಎಲ್ಲವನ್ನೂ ಕೊಂಡವನಿಗೆ ಬಿಟ್ಟುಕೊಟ್ಟಿದ್ದೇನೆ ಅನ್ನುವುದು. ವಿಜಯನಗರದ ಕಾಲದ ಶಾಸನಗಳಲ್ಲೂ ಈ ಎಂಟು ಪದಗಳು ಸಿಗುತ್ತವೆ. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಆಗ ನಮ್ಮ ಚಿಂತಾಮಣಿ ತಾಲ್ಲೂಕು ಕೋಲಾರ ಜಿಲ್ಲೆಯಲ್ಲೇ ಇತ್ತು. 2007ರಲ್ಲಷ್ಟೇ ನಾವು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು.

ಆ ಎಂಟು ಪದಗಳಲ್ಲಿ ಕಲ್ಲು ಇದೆ, ನೀರು ಇದೆ. ಗೋಡೆಯ ಬಣ್ಣ ಇಲ್ಲ.

ಇವತ್ತು ಹಳೇ ಮನೆ ಮಾರಬೇಕು ಅಂದ ಕೂಡಲೇ ನಮಗೆ ಮೊದಲು ನೆನಪಾಗುವುದು ಬಣ್ಣ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುತ್ತೇವೆ, ಅದರ ಮೇಲೆ ಬಣ್ಣ ಹೊಡೆಸುತ್ತೇವೆ, ಮುಂದಿನ ಕೋಣೆಗೆ ಟೈಲ್ಸ್ ಹಾಕಿಸುತ್ತೇವೆ. ಕೆಲವರು ಇದಕ್ಕೆಂದೇ ಸಾಲ ತರುತ್ತಾರೆ. ಆ ದುಡ್ಡು ಬೆಲೆಯಲ್ಲಿ ವಾಪಸ್ ಬರುತ್ತದಾ? ಇದಕ್ಕೆ ಉತ್ತರ ಸಿಗಬೇಕಾದರೆ ನಮ್ಮ ಕಡೆಯ ಮನೆಗೆ ಬೆಲೆ ಯಾವ್ಯಾವ ಕಾಲದಲ್ಲಿ ಯಾವುದರಲ್ಲಿತ್ತು ಎಂದು ನೋಡಬೇಕು.

ಮಣ್ಣು, ಜಂತಿ, ಚಪ್ಪಡಿ

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ. ಮರುವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಆದೇಶದ ಮೇಲೆ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಯಾವ ಊರಲ್ಲಿ ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ ಎಂದು ದಿನದಿನವೂ ಬರೆದಿಟ್ಟ. ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯೂ ಹಾದುಹೋದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಮತ್ತೆ ಮತ್ತೆ ಬರುವ ಚಿತ್ರ ಮಣ್ಣಿನ ಗೋಡೆಯ ಮನೆಗಳು ಮತ್ತು ಅವುಗಳ ಸುತ್ತ ಊರ ಕಾವಲಿಗೆ ಕಟ್ಟಿದ ಕೋಟೆಗೋಡೆ. ಇವತ್ತಿಗೂ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಹಳೇ ಮನೆಗಳ ಗುಂಪಿಗೆ ಕೋಟೆ ಅಂತಲೇ ಕರೆಯುವುದು ಇದೇ ಕಾರಣಕ್ಕೆ.

ಆ ಮನೆಗಳನ್ನು ಕಟ್ಟುತ್ತಿದ್ದ ರೀತಿ ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಊರ ಪಕ್ಕದ ಗುಂಡಿಯಿಂದಲೋ ಕೆರೆ ಅಂಗಳದಿಂದಲೋ ಮಣ್ಣು ತಂದು, ನೀರು ಹಾಕಿ ತುಳಿದು, ಹುಲ್ಲು ಸೇರಿಸಿ ಕೊಳೆಯಲು ಬಿಡುತ್ತಿದ್ದರು. ಹದವಾದ ಮೇಲೆ ಒಂದು ವರಸೆ ಗೋಡೆ ಇಟ್ಟು, ಅದು ಒಣಗಿದ ಮೇಲೆ ಇನ್ನೊಂದು ವರಸೆ. ಗೋಡೆಯ ದಪ್ಪ ಒಂದೂವರೆ ಅಡಿ, ಎರಡು ಅಡಿ. ಮೇಲೆ ಮರದ ಜಂತಿ, ಜಂತಿಯ ಮೇಲೆ ಬಿದಿರು ಇಲ್ಲವೇ ಹಲಗೆ, ಅದರ ಮೇಲೆ ಸೊಪ್ಪು, ಕೊನೆಗೆ ನೀರು ಇಳಿಯದ ಮಣ್ಣನ್ನು ಹರಡಿ ಬಡಿದರೆ ಮಾಳಿಗೆ ಆಯಿತು.

ನಮ್ಮ ಸೀಮೆಗೆ ಇನ್ನೊಂದು ಆಸ್ತಿ ಇತ್ತು, ಬಂಡೆ. ನಂದಿಯಿಂದ ಕೈಲಾಸಗಿರಿಯವರೆಗೆ ಎಲ್ಲಿ ನೋಡಿದರೂ ಕಲ್ಲಿನ ಬೆಟ್ಟ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಉಳಿ ಹೊಡೆದು, ಉದ್ದುದ್ದ ಚಪ್ಪಡಿಯಾಗಿ ಸೀಳುವ ಕಸುಬು ಇಲ್ಲಿಯ ಕಲ್ಲುಕುಟಿಗರದು. ಬೇರೆ ಕಡೆ ಮರ ಹಾಕುವ ಜಾಗಕ್ಕೆ ಇಲ್ಲಿ ಕಲ್ಲೇ ಹಾಕಿದರು: ಕಲ್ಲಿನ ಕಂಬ, ಕಲ್ಲಿನ ತೊಲೆ, ಚಾವಣಿಗೂ ಚಪ್ಪಡಿ. ಬೇಲಿಗೂ ದ್ರಾಕ್ಷಿ ಚಪ್ಪರಕ್ಕೂ ಕಲ್ಲಿನ ಕೂಚ ನೆಡುವುದು ನಮ್ಮ ಕಡೆ ಇವತ್ತಿಗೂ ಮಾಮೂಲು.

ಇಂಥ ಮನೆ ಮಾರಿದರೆ ಬೆಲೆ ಇರುತ್ತಿದ್ದದ್ದು ಎಲ್ಲಿ? ಮಣ್ಣು ಊರದೇ, ಅದನ್ನು ತುಳಿದವರು ಮನೆಯವರೇ, ಅದಕ್ಕೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ. ಬೆಲೆ ಇದ್ದದ್ದು ಜಂತಿ, ಕಂಬ, ಬಾಗಿಲು, ಚಪ್ಪಡಿಗೆ. ಹಳೇ ಮನೆ ಬಿಚ್ಚಿದರೆ ಆ ಜಂತಿ ಇನ್ನೊಂದು ಮನೆಗೆ ಹೋಗುತ್ತಿತ್ತು. ಹಿಂದಿನ ತಲೆಮಾರಿನ ಬಾಗಿಲು ಮುಂದಿನ ತಲೆಮಾರಿನ ಮನೆಯಲ್ಲಿ ನಿಲ್ಲುತ್ತಿತ್ತು. ಹಾಗಾಗಿ ಕೊಳ್ಳಲು ಬಂದವನು ಗೋಡೆ ನೋಡುತ್ತಿರಲಿಲ್ಲ. ತಲೆ ಎತ್ತಿ ಜಂತಿಯ ತುದಿ ನೋಡುತ್ತಿದ್ದ. ಗೋಡೆಯೊಳಗೆ ಸೇರಿಕೊಂಡಿರುವ ಆ ತುದಿಗೇ ಮೊದಲು ಗೆದ್ದಲು ಹತ್ತುವುದು.

ವರ್ಷಕ್ಕೊಂದು ರಿಪೇರಿ

ಮಾಳಿಗೆ ಮನೆಯಲ್ಲಿ ರಿಪೇರಿ ಅನ್ನುವುದು ಮಾರುವಾಗ ಮಾಡುವ ಕೆಲಸ ಆಗಿರಲಿಲ್ಲ. ಅದು ವರ್ಷದ ಕೆಲಸ. ಮುಂಗಾರಿಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು. ಯುಗಾದಿಗೆ, ರಂಜಾನಿಗೆ, ಮನೆಯಲ್ಲಿ ಮದುವೆ ಇದ್ದರೆ ಮದುವೆಗೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು. ಒಳಗೆ ಸಗಣಿ ಸಾರಿಸುವುದಂತೂ ವಾರವಾರದ ಕೆಲಸ. ಇದರಲ್ಲಿ ಮುಕ್ಕಾಲು ಭಾಗ ಮಾಡಿದವರು ಮನೆಯ ಹೆಣ್ಣುಮಕ್ಕಳು. ಅವರ ಕೂಲಿಯನ್ನು ಯಾವ ಪತ್ರದಲ್ಲೂ ಬರೆದಿಲ್ಲ.

ರಿಪೇರಿಗೆ ಶಾಸನಗಳಲ್ಲಿ ಒಂದು ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಮಾಡುವುದು ಎಂದರ್ಥ. ಗುಡಿಗೆ ಭೂಮಿ ದತ್ತಿ ಬಿಡುವಾಗ ನೈವೇದ್ಯಕ್ಕೆ ಇಷ್ಟು, ದೀಪಕ್ಕೆ ಇಷ್ಟು ಎಂದ ಹಾಗೆಯೇ ಖಂಡಸ್ಫುಟಿತಕ್ಕೂ ಎಂದು ಬರೆಸುತ್ತಿದ್ದರು. ಕಟ್ಟಿದವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಕಟ್ಟಡ ಇದ್ದಷ್ಟು ದಿನ ಬಿರುಕು ಬರುತ್ತದೆ, ಅದಕ್ಕೆ ದುಡ್ಡು ಮೊದಲೇ ಎತ್ತಿಡಬೇಕು. ಬಿರುಕನ್ನು ಮುಚ್ಚಿಡಬೇಕು ಎಂದು ಯಾವ ಶಾಸನದಲ್ಲೂ ಬರೆದಿಲ್ಲ.

ಸುಣ್ಣವನ್ನು ನಾವು ಬರೀ ಬಿಳಿ ಬಣ್ಣ ಅಂದುಕೊಂಡಿದ್ದೇವೆ. ಅದರ ಕೆಲಸ ಬೇರೆ ಇದೆ. ಸುಣ್ಣದ ಕಲ್ಲನ್ನು ಸುಟ್ಟು ನೀರು ಹಾಕಿದರೆ ಕುದಿದು ಹಿಟ್ಟಾಗುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಆದರೂ ಅದರಲ್ಲಿ ಗಾಳಿ ಆಡುತ್ತದೆ. ಗೋಡೆಯ ಒಳಗಿನ ತೇವ ಹೊರಗೆ ಹೋಗಲು ದಾರಿ ಇರುತ್ತದೆ. ಹುಳು, ಬೂಷ್ಟು ಬರಲು ಬಿಡುವುದಿಲ್ಲ. ಸ್ಥಿತಿವಂತರ ಮನೆಗಳಲ್ಲಿ ಸುಣ್ಣ ಮತ್ತು ಮರಳನ್ನು ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಸೇರಿಸಿ ಗಾರೆ ಮಾಡುತ್ತಿದ್ದರು. ಜಂತಿಯ ಮೇಲೆ ಇಟ್ಟಿಗೆಯನ್ನು ಅಡ್ಡಲಾಗಿ ನಿಲ್ಲಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ ಇವತ್ತಿಗೂ ಹಳೇ ಊರುಗಳಲ್ಲಿ ಸೋರದೆ ನಿಂತಿದೆ.

ರೇಷ್ಮೆಗೂ ಈ ಮನೆಯೇ ಒಗ್ಗಿತ್ತು. ಹುಳುವಿಗೆ ಬೇಕಾದದ್ದು 25 ಡಿಗ್ರಿ ಆಸುಪಾಸಿನ ತಂಪು ಮತ್ತು ಗಾಳಿಯಲ್ಲಿ ಒಂದಿಷ್ಟು ತೇವ. ದಪ್ಪ ಮಣ್ಣಿನ ಗೋಡೆಯ ಒಳಗೆ ಬೇಸಿಗೆಯಲ್ಲೂ ಇದು ಸಿಗುತ್ತಿತ್ತು. ನಡುಮನೆಯಲ್ಲಿ ಹುಳು ತಟ್ಟೆ, ಜಗಲಿಯಲ್ಲಿ ಚಂದ್ರಿಕೆ, ಮೂಲೆಯಲ್ಲಿ ಮನುಷ್ಯರು. ಮನೆ ಅಂದರೆ ದುಡಿಯುವ ಜಾಗವೂ ಹೌದು. ಮುಂದೆ ಅದೇ ಮನೆಗೆ ಸಿಮೆಂಟ್ ಶೀಟ್ ಹೊದಿಸಿದವರು ಬೇಸಿಗೆಯ ಬೆಳೆಗೆ ಎಷ್ಟು ಕಷ್ಟಪಟ್ಟರು ಎಂದು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ.

ಪುಟ್ಟ ರೈಲು, ಕೆಂಪು ಹೆಂಚು

ದೂರದ ಸಾಮಾನು ನಮ್ಮ ಮನೆಗಳಿಗೆ ಬರಲು ಶುರುವಾದದ್ದು 1910ರ ದಶಕದಲ್ಲಿ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಕಿರಿದಾದ ಹಳಿಯ ಪುಟ್ಟ ರೈಲು ಬಂತು. ಕೆಲವೇ ವರ್ಷಗಳಲ್ಲಿ ಅದು ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದವರೆಗೆ, ಅಲ್ಲಿಂದ ಬೆಂಗಳೂರಿನವರೆಗೆ ಕೂಡಿಕೊಂಡಿತು. ಅದೇ ದಾರಿಯಲ್ಲಿ ಈಗ ಬ್ರಾಡ್‌ಗೇಜ್ ಇದೆ.

ಅದಕ್ಕೂ ಮುಂಚೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಯಂತ್ರದಿಂದ ಹೆಂಚು ಮಾಡುವ ಕಾರ್ಖಾನೆ ಶುರುಮಾಡಿದ್ದ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಆ ಚಪ್ಪಟೆ ಹೆಂಚೇ ಮಂಗಳೂರು ಹೆಂಚು. ಕುಂಬಾರರು ಮಾಡುವ ನಾಡಹೆಂಚಿನ ಹಾಗೆ ಮಂಗಗಳು ಓಡಾಡಿದರೆ ಜಾರುವುದಿಲ್ಲ, ವರ್ಷವರ್ಷ ಕೈಯಾಡಿಸಬೇಕಿಲ್ಲ. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಆ ಹೆಂಚು ಇನ್ನೂ ದೂರ ಹೋಯಿತು. ಬೇರೆ ಊರುಗಳಲ್ಲೂ ಅದೇ ಮಾದರಿಯ ಕಾರ್ಖಾನೆಗಳು ಎದ್ದವು.

ನಮ್ಮ ಬಯಲುಸೀಮೆಯವರು ಇಡೀ ಮನೆಗೆ ಹೆಂಚು ಹಾಕುವ ಬದಲು ಮುಂದಿನ ಜಗಲಿಗೆ ಹಾಕಿದ್ದೇ ಹೆಚ್ಚು. ಹಿಂದೆ ಮಾಳಿಗೆ, ಮುಂದೆ ಹೆಂಚಿನ ಇಳಿಜಾರು. ಬೀದಿಯಲ್ಲಿ ಹೋಗುವವರಿಗೆ ಕಾಣುವುದು ಹೆಂಚು. ಮನೆಗೆ ಮುಖ ಎಂಬುದೊಂದು ಬಂದದ್ದು ಇಲ್ಲಿಂದ ಎನ್ನಬಹುದು. ಒಳಗೆ ಇರುವುದಕ್ಕಿಂತ ಹೊರಗೆ ಕಾಣುವುದಕ್ಕೆ ಖರ್ಚು ಮಾಡುವ ಅಭ್ಯಾಸವೂ ಇಲ್ಲಿಂದ ಬೆಳೆಯಿತು. ಮುರುಗಮಲ್ಲದಂಥ ಊರಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹಿಂದೂ ಮುಸ್ಲಿಂ ಎನ್ನದೆ ದೂರದೂರದಿಂದ ಜನ ಬರುತ್ತಾರೆ. ಯಾತ್ರೆಯ ಊರಲ್ಲಿ ಬೀದಿಗೆ ಮುಖ ಇರುವ ಮನೆಯ ಜಗಲಿ ನಾಳೆ ಅಂಗಡಿಯಾಗಬಹುದು. ಆದ್ದರಿಂದ ಜಗಲಿಗೆ ಒಳಮನೆಗಿಂತ ಹೆಚ್ಚು ಬೆಲೆ.

ಸಿಮೆಂಟ್ ಬಂದ ಮೇಲೆ

ಭಾರತದಲ್ಲಿ ಸಿಮೆಂಟ್ ತಯಾರಿಕೆ ಗಟ್ಟಿಯಾಗಿ ನಿಂತದ್ದು 1914ರಲ್ಲಿ, ಗುಜರಾತಿನ ಪೋರಬಂದರಿನಲ್ಲಿ. ಹಳ್ಳಿಯ ಸಾಮಾನ್ಯ ಮನೆಗೆ ಅದು ತಲುಪಲು ಇನ್ನೂ ಎರಡು ಮೂರು ತಲೆಮಾರು ಬೇಕಾಯಿತು. ಬಂದ ಮೇಲೆ ಮಾತ್ರ ಎಲ್ಲವನ್ನೂ ಬದಲಾಯಿಸಿತು. ಗಾರೆ ಅರೆಯುವವರು ಇಲ್ಲವಾದರು, ಸುಣ್ಣದ ಗೂಡುಗಳು ಆರಿದವು. ಕಾಂಕ್ರೀಟ್ ತಾರಸಿ ಇರುವ ಮನೆಗೆ ಹೆಣ್ಣು ಕೊಡುತ್ತಾರೆ, ಮಣ್ಣಿನ ಮನೆಗೆ ಕೊಡುವುದಿಲ್ಲ ಎಂಬ ಮಾತು ಬಂತು. ಇದರಲ್ಲಿ ಸುಳ್ಳೇನೂ ಇಲ್ಲ. ವರ್ಷವರ್ಷ ಮಣ್ಣು ಹೊತ್ತು ಸಾರಿಸಿ ಸಾಕಾದ ಹೆಂಗಸರು ಸಿಮೆಂಟ್ ನೆಲ ಬೇಕು ಎಂದದ್ದು ಸರಿಯಾಗಿಯೇ ಇತ್ತು.

ತೊಂದರೆ ಆದದ್ದು ಎರಡನ್ನೂ ಬೆರೆಸಿದಾಗ. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಅದನ್ನು ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಹಾಕಿದರೆ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲ. ಗೋಡೆಯ ಬುಡ ಒಳಗಿನಿಂದಲೇ ಮೆತ್ತಗಾಗುತ್ತದೆ. ಮಣ್ಣು ಉಬ್ಬಿ ಕುಗ್ಗುವ ರೀತಿ ಒಂದು, ಸಿಮೆಂಟಿನದು ಇನ್ನೊಂದು. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾವು ಗೋಡೆಯಿಂದ ಬಿಟ್ಟುಕೊಂಡು ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಆಮೇಲೆ ಹಲಗೆ ಹಲಗೆಯಾಗಿ ಉದುರುತ್ತದೆ, ಜೊತೆಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ.

ಇದನ್ನು ವಿಜ್ಞಾನಿಗಳೂ ಗಮನಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯ ಸಾಮಾನಿನಿಂದಲೇ ಮಾಡಬೇಕು ಎಂಬುದು ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಯಲ್ಲಿ ಅವರು ಕೆಲಸ ಮಾಡಿದರು. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಬಳಸುವ ಇಟ್ಟಿಗೆಯನ್ನು ಬೆಳೆಸಿದರು. ಅವರ ಕೆಲಸದಿಂದ ತಿಳಿದದ್ದು ಏನೆಂದರೆ ಮಣ್ಣು ಕೆಟ್ಟ ಸಾಮಾನಲ್ಲ, ಅದಕ್ಕೆ ಒಗ್ಗುವ ಹಾಗೆ ಅದನ್ನು ನೋಡಿಕೊಳ್ಳಬೇಕು ಅಷ್ಟೆ.

ಬೆಲೆ ಜಾಗಕ್ಕೆ ಇಳಿದದ್ದು

ರಸ್ತೆ ಬಂತು, ಬಸ್ಸು ಬಂತು, ಬೆಂಗಳೂರು ಹತ್ತಿರವಾಯಿತು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಜಿಲ್ಲೆಯ ಜಮೀನಿನ ಮಾತೇ ಬದಲಾಯಿತು. ಹಳೇ ಮನೆ ಕೊಳ್ಳಲು ಬರುವವನು ಈಗ ಜಂತಿ ನೋಡುವುದಿಲ್ಲ, ಹೆಂಚು ನೋಡುವುದಿಲ್ಲ. ಎಷ್ಟು ಅಡಿ ಅಗಲ, ಎಷ್ಟು ಅಡಿ ಉದ್ದ, ಮುಂದೆ ಎಷ್ಟು ಅಡಿ ರಸ್ತೆ ಎಂದು ಕೇಳುತ್ತಾನೆ. ಅವನ ಲೆಕ್ಕದಲ್ಲಿ ಮನೆ ಎಂದರೆ ಬೀಳಿಸಬೇಕಾದ ಖರ್ಚು.

ಇದು ಹಳ್ಳಿಗೆ ಮಾತ್ರ ಆದದ್ದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಸಾಹಿತಿ ಆರ್.ಕೆ. ನಾರಾಯಣ್ ಕಟ್ಟಿಸಿದ್ದ ಮನೆಯನ್ನೇ ತೆಗೆದುಕೊಳ್ಳಿ. ಅದು ಕೈಬದಲಾಗಿ 2011ರಲ್ಲಿ ಕೆಡವಲು ಶುರುವಾಗಿತ್ತು. ಊರಿನ ಜನ, ಪತ್ರಿಕೆಗಳು ದನಿ ಎತ್ತಿದ ಮೇಲೆ ಕೆಲಸ ನಿಂತಿತು. ಆಮೇಲೆ ಸರ್ಕಾರದ ಕಡೆಯಿಂದ ಅದನ್ನು ಉಳಿಸಿ, ದುರಸ್ತಿ ಮಾಡಿಸಿ, 2016ರಲ್ಲಿ ಮ್ಯೂಸಿಯಂ ಮಾಡಿದರು. ಹೆಸರಾಂತ ಸಾಹಿತಿಯ ಮನೆಗೂ ಪೇಟೆಯಲ್ಲಿ ಮೊದಲು ಕಂಡ ಬೆಲೆ ನಿವೇಶನದ್ದು. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಉಳಿದಿದೆ ಎಂದರೆ ಅದನ್ನು ಯಾರೂ ಅಡಿ ಲೆಕ್ಕದಲ್ಲಿ ನೋಡಲಿಲ್ಲ ಎಂಬುದೇ ಕಾರಣ.

ಹಾಗಾದರೆ ಜಂತಿ, ಕಂಬ, ಬಾಗಿಲಿಗೆ ಬೆಲೆಯೇ ಹೋಯಿತೇ? ಇಲ್ಲ. ಅದು ಬೇರೆಯವರ ಕೈಗೆ ಹೋಯಿತು. ಹಳೇ ಮನೆ ಸಾಮಾನು ಕೊಳ್ಳುವ ವ್ಯಾಪಾರಿಗಳು ಹಳ್ಳಿಗಳಿಗೆ ಬರುತ್ತಾರೆ. ಕೆತ್ತನೆಯ ಬಾಗಿಲು, ಕಲ್ಲಿನ ಕಂಬ, ಕಿಟಕಿಯ ಮರ, ಒರಳು ಕಲ್ಲು ಎಲ್ಲವೂ ಬೆಂಗಳೂರಿನ ದೊಡ್ಡ ಮನೆಗಳಿಗೆ, ರೆಸಾರ್ಟುಗಳಿಗೆ ಅಲಂಕಾರವಾಗಿ ಹೋಗುತ್ತವೆ. ನಾವು ಸೌದೆ ಲೆಕ್ಕದಲ್ಲಿ ಕೊಟ್ಟದ್ದು ಅಲ್ಲಿ ಹಳೇ ಕಾಲದ ವಸ್ತು.

ಮಣಿಪಾಲದ ವಿಜಯನಾಥ ಶೆಣೈ ಇದನ್ನು ಬಹಳ ಮೊದಲೇ ಕಂಡಿದ್ದರು. ಕೆಡವಲು ಹೊರಟ ಹಳೇ ಮನೆಗಳನ್ನು ಪಡೆದು, ಒಂದೊಂದು ತುಂಡಿಗೂ ಗುರುತು ಹಾಕಿ ಬಿಚ್ಚಿ, ಮಣಿಪಾಲಕ್ಕೆ ತಂದು ಮತ್ತೆ ಜೋಡಿಸಿದರು. ಅದೇ ಇವತ್ತಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮ. ಚೆನ್ನೈ ಹತ್ತಿರ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲೂ ನಮ್ಮ ಇಳಕಲ್ಲಿನ ನೇಕಾರರ ಮನೆ ಇದೆ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಜನ ನೋಡುವುದು ಆ ಮನೆಗಳ ಮರ, ಕಲ್ಲು, ಗಾರೆಯನ್ನು. ಮಾರುವ ಮೊದಲು ನಾವು ಬಣ್ಣ ಹೊಡೆದು ಮುಚ್ಚುವುದೂ ಅದನ್ನೇ.

ಮುಚ್ಚಿಟ್ಟರೆ ಏನಾಗುತ್ತದೆ?

ಮಾರುವ ಮೊದಲು ಮಾಡುವ ರಿಪೇರಿಯಲ್ಲಿ ಎರಡು ಜಾತಿ. ಒಂದು ಸರಿಮಾಡುವುದು, ಇನ್ನೊಂದು ಮರೆಮಾಡುವುದು. ಎರಡನೆಯದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಮಾರುವವನ ಕರ್ತವ್ಯಗಳನ್ನು ಹೇಳುತ್ತದೆ. ಅದರಲ್ಲಿ ಮೊದಲನೆಯದೇ ಇದು: ಆಸ್ತಿಯಲ್ಲೋ ಹಕ್ಕಿನಲ್ಲೋ ಮುಖ್ಯವಾದ ದೋಷವಿದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯದಂತಿದ್ದರೆ, ಮಾರುವವನು ಅದನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ ಎಂದೇ ಆ ಕಲಂ ಹೇಳುತ್ತದೆ.

ಕಣ್ಣಿಗೆ ಕಾಣುವ ಬಿರುಕು ಕೊಳ್ಳುವವನು ನೋಡಿಕೊಳ್ಳಬೇಕಾದದ್ದು. ಅದೇ ಬಿರುಕಿನ ಮೇಲೆ ಗಿಲಾವು ಬಳಿದು ಮುಚ್ಚಿದರೆ ಅದು ಮಾರುವವನ ತಲೆಗೆ ಬರುವ ವಿಷಯ. ಅಂದರೆ ಬಿರುಕು ತೋರಿಸಿ ಮಾರಿದವನಿಗೆ ಇಲ್ಲದ ಭಯ ಮುಚ್ಚಿ ಮಾರಿದವನಿಗೆ ಇದೆ.

ನಮ್ಮ ಕಡೆಯದೇ ಒಂದು ಉದಾಹರಣೆ ಹಗೇವು. ರಾಗಿ ತುಂಬಿಡಲು ಮನೆಯ ಅಂಗಳದಲ್ಲೋ ಒಳಗೋ ತೋಡುತ್ತಿದ್ದ ಆಳದ ಗುಂಡಿ. ಬಾಯಿ ಚಿಕ್ಕದು, ಒಳಗೆ ಅಗಲ. ಬರ ಬಂದರೆ ಮನೆಯವರ ಜೀವ ಉಳಿಸುತ್ತಿದ್ದದ್ದು ಅದೇ. ರಾಗಿ ಗೋಣಿಚೀಲಕ್ಕೆ ಬಂದ ಮೇಲೆ ಎಷ್ಟೋ ಹಗೇವುಗಳ ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ನೆಲ ಮಾಡಿಬಿಟ್ಟರು. ಕೊಂಡವನು ಅದರ ಮೇಲೆಯೇ ಪಿಲ್ಲರ್ ಎಬ್ಬಿಸಿದರೆ? ಮನೆಯ ಅಜ್ಜಿಗೆ ಗೊತ್ತಿರುವ ಈ ಒಂದು ವಿಷಯ ಹೊಸ ಟೈಲ್ಸಿಗಿಂತ ದೊಡ್ಡದು. ಹಗೇವು ಇದ್ದರೆ ಹೇಳಿ. ಸಾಧ್ಯವಾದರೆ ತುಂಬಿಸಿಯೇ ಮಾರಿ. ಬಹಳ ಕಾಲ ಮುಚ್ಚಿದ್ದ ಹಗೇವಿಗೆ ಗಾಳಿ ಆಡಲು ಬಿಡದೆ ಯಾರೂ ಇಳಿಯಬಾರದು, ಒಳಗೆ ಉಸಿರುಗಟ್ಟುವ ಗಾಳಿ ನಿಂತಿರುತ್ತದೆ.

ಇನ್ನು ಅಷ್ಟಭೋಗದ ಮೊದಲ ಪದ, ನಿಧಿ. ಪತ್ರದಲ್ಲಿ ಬರೆದಿದೆ ಎಂದು ಗೋಡೆ ಒಡೆದಾಗ ಸಿಕ್ಕ ಹಳೇ ನಾಣ್ಯದ ಗಡಿಗೆ ಕೊಂಡವನದೂ ಆಗುವುದಿಲ್ಲ, ಮಾರಿದವನದೂ ಆಗುವುದಿಲ್ಲ. ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕು ಎಂಬ ಕಾನೂನು 1878ರಲ್ಲೇ ಬಂತು. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆ ಇದೆ. ಪದ ವಿಜಯನಗರದ್ದು, ಈಗ ನಡೆಯುವ ಕಾನೂನು ಬೇರೆ.

ಬಣ್ಣಕ್ಕಿಂತ ಮುಂಚೆ ಸಹಿ

ಈಗ ಬೆಲೆ ಜಾಗಕ್ಕೆ ಎಂದಾದರೆ, ಜಾಗಕ್ಕೆ ಬೆಲೆ ಕೊಡುವುದು ಕಾಗದ. ನಮ್ಮ ಹಳೇ ಮನೆಗಳ ನಿಜವಾದ ಬಿರುಕು ಇರುವುದು ಇಲ್ಲಿ.

ಹೊಲಕ್ಕೆ ಪಹಣಿ ಇದೆ, ಸರ್ವೆ ನಂಬರ್ ಇದೆ. ಊರೊಳಗಿನ ಗ್ರಾಮಠಾಣಾ ಜಾಗಕ್ಕೆ ಭೂಕಂದಾಯ ಇರಲಿಲ್ಲ, ಹಾಗಾಗಿ ಪಹಣಿಯೂ ಇಲ್ಲ. ಹಳೇ ಮನೆಗೆ ಇರುತ್ತಿದ್ದ ದಾಖಲೆ ಎಂದರೆ ಪಂಚಾಯಿತಿಯ ಕಂದಾಯ ರಸೀದಿ ಮತ್ತು ಅಜ್ಜನ ಕಾಲದ ಒಂದು ಬಿಳಿ ಹಾಳೆ. 1882ರ ಅದೇ ಕಾಯ್ದೆಯ 54ನೇ ಕಲಂ ಪ್ರಕಾರ 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಗೆ ನೋಂದಣಿ ಬೇಕೇ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಸ್ವಾಧೀನ ಕೊಟ್ಟರೂ ಸಾಕು. ಹಿಂದೆ ಮಣ್ಣಿನ ಮನೆಗಳ ಬೆಲೆ 100 ರೂಪಾಯಿಯೊಳಗೇ ಇದ್ದ ಕಾಲದಲ್ಲಿ ಬಾಯಿಮಾತಿನಲ್ಲೇ ಕೈಬದಲಾದದ್ದು ಹೆಚ್ಚು. ಆಗ ಅದು ತಪ್ಪಾಗಿರಲಿಲ್ಲ. ಇವತ್ತು ಮಾತ್ರ ಮೊಮ್ಮಕ್ಕಳಿಗೆ ತಲೆನೋವು.

2013ರಿಂದ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತು ಬಂತು. ನಮೂನೆ 9, 11 ಇಲ್ಲದೆ ನೋಂದಣಿ ಆಗದು ಎಂಬ ಸ್ಥಿತಿ ಬಂದಮೇಲೆ ಎಷ್ಟೋ ಮನೆಗಳು ಬಣ್ಣ ಹೊಡೆಸಿಕೊಂಡು ವರ್ಷಗಟ್ಟಲೆ ಕಾದವು. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಶುರುಮಾಡಿತು. ಡ್ರೋನ್ ಹಾರಿಸಿ ಊರೊಳಗಿನ ಮನೆಗಳನ್ನೂ ಅಳೆದು ದಾಖಲೆ ಕೊಡುವ ಯೋಜನೆ ಇದು.

ಇನ್ನೊಂದು, ಮನೆಯವರ ಸಹಿ. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಪಾಲು ಎಂಬ ಮಿತಾಕ್ಷರ ನ್ಯಾಯವನ್ನು ಬರೆದ ವಿಜ್ಞಾನೇಶ್ವರ ನಮ್ಮವನೇ, ಕಲ್ಯಾಣದ ಚಾಲುಕ್ಯರ ಆಸ್ಥಾನದವನು. ಸುಮಾರು 900 ವರ್ಷ ಇಡೀ ದೇಶದ ಬಹುಭಾಗ ಅದನ್ನು ನಡೆಸಿತು. ಹೆಣ್ಣುಮಕ್ಕಳಿಗೆ ಆ ಹಕ್ಕು ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಬಂತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅದೇ ತಿದ್ದುಪಡಿ ಇನ್ನೊಂದು ಹಳೇ ಕಲಮನ್ನೂ ತೆಗೆದುಹಾಕಿತು: ವಾಸದ ಮನೆಯಲ್ಲಿ ಗಂಡಸರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎನ್ನುತ್ತಿದ್ದ 23ನೇ ಕಲಂ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು, 2005ರಲ್ಲಿ ತಂದೆ ಬದುಕಿರಲೇಬೇಕು ಎಂದೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು. ಮುಸ್ಲಿಂ ಕುಟುಂಬಗಳಲ್ಲಿ ಮೊದಲಿನಿಂದಲೂ ಹೆಂಡತಿಗೂ ಮಗಳಿಗೂ ನಿಗದಿಯಾದ ಪಾಲಿದೆ, ಊರಲ್ಲಿ ಕೊಡುವುದನ್ನು ಮರೆತರೂ ಕಾನೂನು ಮರೆತಿಲ್ಲ.

ಅಕ್ಕತಂಗಿಯರನ್ನು ಕೇಳದೆ ಮನೆಗೆ ಬಣ್ಣ ಹೊಡೆಸಬಹುದು. ಕೇಳದೆ ಮಾರಿದರೆ ಕೋರ್ಟಿನ ನೋಟಿಸು ಕೊಂಡವನ ಬಾಗಿಲಿಗೇ ಬರುತ್ತದೆ. ಆ ಗೋಡೆಗೆ ವರ್ಷವರ್ಷ ಸುಣ್ಣ ಬಳಿದವರು ಅವರೇ ಎಂಬುದು ನೆನಪಿರಲಿ.

ಮೊದಲು ಯಾವುದು?

ಇನ್ನೂರಕ್ಕೂ ಹೆಚ್ಚು ವರ್ಷದ ಕಥೆಯನ್ನು ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ. ಕೊಳ್ಳುವವನು ಮನೆಯನ್ನು ಬೀಳಿಸುವವನಾದರೆ ನಿಮ್ಮ ಬಣ್ಣಕ್ಕೆ ಅವನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಅಂಥವನಿಗೆ ಮಾರುವಾಗ ಬಾಗಿಲು, ಜಂತಿ, ಕಂಬ, ಚಪ್ಪಡಿ ಮಾತಿನಲ್ಲಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಬರೆದುಕೊಳ್ಳಿ. ಅವುಗಳ ಫೋಟೊ ತೆಗೆದು, ಉದ್ದ ಅಗಲ ಅಳೆದು, ಎರಡು ಮೂರು ಕಡೆ ಬೆಲೆ ಕೇಳಿ.

ಕೊಳ್ಳುವವನು ಅಲ್ಲೇ ವಾಸ ಮಾಡುವವನಾದರೆ ಮೊದಲ ಖರ್ಚು ಚಾವಣಿಗೆ, ಎರಡನೆಯದು ಗೋಡೆ ಬುಡದ ನೀರಿಗೆ. ಸೋರುವ ಜಾಗ ಸರಿಮಾಡಿಸಿ, ಸೂರಿನ ನೀರು ಗೋಡೆಗೆ ತಾಗದಂತೆ ಚರಂಡಿಗೆ ಹರಿಸಿ, ಜಂತಿಯ ತುದಿ ನೋಡಿ. ಮಣ್ಣಿನ ಗೋಡೆಗೆ ಮಣ್ಣಿನದೇ ಮೆತ್ತು, ಅದರ ಮೇಲೆ ಸುಣ್ಣ. ಸಿಮೆಂಟಿಗಿಂತ ಖರ್ಚು ಕಡಿಮೆ, ಬಿರುಕು ಇದ್ದರೆ ಕಾಣುತ್ತದೆ, ನೋಡಿ ಕೊಂಡವನು ಆಮೇಲೆ ನಿಮ್ಮನ್ನು ಕೇಳುವುದಿಲ್ಲ.

ಇವೆರಡಕ್ಕೂ ಮುಂಚೆ ಪಂಚಾಯಿತಿಗೆ ಹೋಗಿ ನಮೂನೆ 9, 11 ಯಾರ ಹೆಸರಲ್ಲಿದೆ, ಅಳತೆ ಸರಿಯಿದೆಯಾ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. ತೆಗೆಸಿ. ಅಜ್ಜನಿಂದ ಇವತ್ತಿನವರೆಗೆ ವಂಶವೃಕ್ಷ ಬರೆಸಿ, ಮದುವೆಯಾಗಿ ಹೋದವರ ಹೆಸರೂ ಅದರಲ್ಲಿರಲಿ. ಆಮೇಲೆ ಎಲ್ಲರನ್ನೂ ಅದೇ ಹಳೇ ಮನೆಯ ಜಗಲಿಗೆ ಕರೆಸಿ ಕೂರಿಸಿ ಮಾತಾಡಿ. ಹಗೇವು ಎಲ್ಲಿತ್ತು ಎಂದು ಹಿರಿಯರನ್ನು ಅಲ್ಲೇ ಕೇಳಿಬಿಡಿ.